ಅರ್ಧ ಮುದ್ದೆಯನ್ನು ಬರೆದುಕೊಂಡು ಹೋದವರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬಸುರಿಯರ ಬಗ್ಗೆ ಸಂಶೋಧನೆಗೆಂದು ಬರುತ್ತಿದ್ದ ತಂಡದ ಜೀಪು ಬಿಳಿಯದೋ ಹಸಿರೋ, ಈಗ ಹೇಳಲಾರೆ. ನಾನಾಗ ಹೈಸ್ಕೂಲಿನಲ್ಲಿದ್ದೆ. ರಜೆಗೆಂದು ಹನೂರಿನಾಚೆ ಶಾಗ್ಯದಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಮೊದಲ ಬಸುರಿ. ಆ ತಂಡದವರು ಜಗಲಿಯ ಮೇಲೆ ಅವಳ ತೂಕ ನೋಡಿ, ತೋಳಿನಿಂದ ರಕ್ತ ತೆಗೆದು, ನಿನ್ನೆ ಏನು ಉಂಡೆ ಎಂದು ಕೇಳಿದ್ದು ಕಣ್ಣಿಗೆ ಕಟ್ಟಿದಂತಿದೆ. ಅಥವಾ ಅಕ್ಕ ಆಮೇಲೆ ಹೇಳಿ ಹೇಳಿ, ನಾನೇ ಕಂಡಂತೆ ಆಗಿದೆಯೋ ಏನೋ.

ಹೋದ ತಿಂಗಳು ಕೊಳ್ಳೇಗಾಲದಲ್ಲಿ ನಡೆದ ಸಭೆಯ ಬಗ್ಗೆ ಮಾತ್ರ ಈ ಅನುಮಾನವಿಲ್ಲ. ತಾಯಿ ಮತ್ತು ಗರ್ಭದಲ್ಲಿರುವ ಶಿಶುವಿನ ಆರೋಗ್ಯದ ಬಗ್ಗೆ ಜೀವಮಾನವೆಲ್ಲ ಸಂಶೋಧನೆ ಮಾಡಿದ ಪ್ರಾಧ್ಯಾಪಕಿಯೊಬ್ಬರಿಗೆ ಅಲ್ಲಿ ಸನ್ಮಾನವಿತ್ತು. ಅವರ ಕೆಲಸ ಶುರುವಾದದ್ದು ಹನೂರಿನ ಕಡೆಯ ಹಳ್ಳಿಗಳಲ್ಲಿ ಎಂದು ಆಹ್ವಾನ ಪತ್ರಿಕೆಯಲ್ಲಿ ಓದಿ ಹೋಗಿದ್ದೆ. ಅವರ ಲೇಖನಗಳನ್ನು ಯಾವ ಯಾವ ದೇಶದವರು ಉಲ್ಲೇಖಿಸಿದ್ದಾರೆ, ಯಾವ ಪಠ್ಯಪುಸ್ತಕಗಳು ಬದಲಾದವು ಎಂದು ಪರಿಚಯಿಸಿದವರು ಬಹಳ ಹೊತ್ತು ಓದಿದರು. ಆಮೇಲೆ ಮೇಡಂ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಕೊನೆಯ ತಿಂಗಳುಗಳಲ್ಲಿ ಬಸುರಿಯರು ಊಟ ಕಡಿಮೆ ಮಾಡಿದರೆ ಮಗು ಸೊರಗಿ ಹುಟ್ಟುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಅವರು. ಅದನ್ನು ಮೊದಲು ಕಂಡದ್ದು ಇಲ್ಲಿಯ ಹೆಂಗಸರಲ್ಲೇ ಎಂದರು.

ನಾನು ಎದ್ದು ನಿಂತು, ಆ ಹೆಂಗಸರಿಗೆ ಇದನ್ನು ಹೇಳಿದಿರಾ ಎಂದು ಕೇಳಿದೆ. ಹೆಂಗಸರ ರೂಢಿಯನ್ನು ಬದಲಾಯಿಸದೆ ಗಮನಿಸುವುದಷ್ಟೇ ತಮ್ಮ ಕೆಲಸವಾಗಿತ್ತು, ಫಲಿತಾಂಶವನ್ನು ಇಲಾಖೆಗೆ ಕಳಿಸಿದ್ದೆವು ಎಂದರು. ನಾನು ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಸಂಘಟಕರು ಟೀ ವ್ಯವಸ್ಥೆ ಇದೆ ಎಂದು ಘೋಷಿಸಿದರು. ವೇದಿಕೆಯ ಮೇಲೆ ಶಾಲು, ಪೇಟ, ಇಬ್ಬರು ಹಿಡಿದು ಎತ್ತಬೇಕಾದಂಥ ಹಣ್ಣಿನ ಬುಟ್ಟಿ. ಊಟ ಸಾಲದೆ ಸೊರಗಿದ ಮಕ್ಕಳ ಬಗ್ಗೆ ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿ ಎದ್ದರು. ನಾನು ಟೀ ಕುಡಿಯದೆ ಹೊರಟೆ.

ಮಾರನೆಯ ದಿನ ಬಸ್ಸು ಹಿಡಿದು ಶಾಗ್ಯಕ್ಕೆ ಹೋದೆ. ಅಕ್ಕನ ಮಗಳು ಹೆರಿಗೆಗೆ ಬಂದಿದ್ದಾಳೆ. ಅವತ್ತು ಜಗಲಿಯಲ್ಲಿ ತೂಕ ನೋಡಿದಾಗ ಅಕ್ಕನ ಹೊಟ್ಟೆಯಲ್ಲಿದ್ದವಳು ಇವಳೇ. ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಒಂದು ಮುದ್ದೆಯನ್ನು ಮುರಿದು, ಅರ್ಧವನ್ನು ಮಗಳ ತಟ್ಟೆಗೆ ಹಾಕಿ, ಉಳಿದರ್ಧವನ್ನು ಪಾತ್ರೆಗೇ ಹಾಕಿದಳು.

"ಚಿಕ್ಕವ್ವ, ಬೀದಿಗೆಲ್ಲ ಬಡಿಸೋ ಕೈ ನಮ್ಮವ್ವಂದು. ನಂಗೆ ಮಾತ್ರ ರೇಸನ್ನು," ಎಂದು ಹುಡುಗಿ ನಕ್ಕಳು. ನಗುತ್ತಲೇ ಪಾತ್ರೆಯ ಕಡೆ ನೋಡಿದಳು.

"ಕೂಸು ದಪ್ಪಾದ್ರೆ ಕೊಯ್ಬೇಕು ಅಂತಾರೆ ಆಸ್ಪತ್ರೇಲಿ. ಸುಮ್ಕೆ ಉಣ್ಣವ್ವ," ಎಂದಳು ಅಕ್ಕ.

ಅದು ತಪ್ಪು ಎಂದೆ. ನಿನ್ನ ರಕ್ತ ತೆಗೆದುಕೊಂಡು ಹೋದ ಡಾಕ್ಟರೇ ಹಾಗೆ ಹೇಳಿದ್ದಾರೆ, ನಿನ್ನೆ ನನ್ನ ಕಿವಿಯಾರೆ ಕೇಳಿ ಬಂದೆ ಎಂದೆ. ಅಕ್ಕ ನನ್ನನ್ನು ಮರುಕದಿಂದ ನೋಡಿದಳು.

"ನಂಗೆ ಸರಿ ಅಂದೋರೇ ಅವ್ರು ಕಣೆ."

ಆಗ ಅವಳು ಹೇಳಿದ್ದು ಇಷ್ಟು. ಆ ತಂಡದ ಹುಡುಗಿ ಬಂದಾಗಲೆಲ್ಲ ಎಷ್ಟು ಉಂಡೆ ಎಂದು ಕೇಳುತ್ತಿದ್ದಳು. ಅರ್ಧ ಮುದ್ದೆ ಎಂದು ಅಕ್ಕ ಹೇಳಿದರೆ, 'ಸರಿ' ಎಂದು ಬರೆದುಕೊಳ್ಳುತ್ತಿದ್ದಳು. ತಪ್ಪಾಗಿದ್ದರೆ ಓದಿದವರು ಬೈಯುತ್ತಿರಲಿಲ್ಲವೇ? ಅಷ್ಟು ದೂರದಿಂದ ಜೀಪಿನಲ್ಲಿ ಬಂದು ಕೇಳುತ್ತಿದ್ದುದೇ, ಯಾರಾದರೂ ಜಾಸ್ತಿ ಉಂಡುಬಿಟ್ಟಾರು ಎಂಬ ಭಯಕ್ಕೆ ಎಂದು ಅಕ್ಕ ತಿಳಿದಿದ್ದಳು. ಅಲ್ಲಿಂದ ಮುಂದೆ ಬೀದಿಯಲ್ಲಿ ಯಾರು ಬಸುರಿಯಾದರೂ, ಡಾಕ್ಟರೇ ಒಪ್ಪಿದ್ದಾರೆ ಎಂದು ಇವಳೇ ಧೈರ್ಯ ಹೇಳುತ್ತಾ ಬಂದಿದ್ದಾಳೆ.

ಆ ಸಂಶೋಧನೆಯ ಪ್ರಭಾವ ನಮ್ಮವರ ಬೀದಿಗೆ ತಲುಪಿದ್ದು ಹೀಗೆ.

ನಾನು ನ್ಯಾಯವಾಗಿ ಯೋಚಿಸುತ್ತಿದ್ದೇನೆಯೇ ಎಂದು ಆಮೇಲೆ ಕೇಳಿಕೊಂಡೆ. ಬರೆದುಕೊಳ್ಳುವಾಗ ಎಲ್ಲರೂ ಸರಿ ಎನ್ನುತ್ತಾರೆ, ತಂಡದ ಆ ಹುಡುಗಿಗೂ ಆಗ ಗೊತ್ತಿರಲಿಕ್ಕಿಲ್ಲ. ಆದರೆ ಗೊತ್ತಾದ ಮೇಲೆ? ಹೊರದೇಶದ ಪುಸ್ತಕ ತಿದ್ದಿಸಲು ಮೇಡಂಗೆ ಪುರುಸೊತ್ತಿತ್ತು. ಸನ್ಮಾನ ಮಾಡಿಸಿಕೊಳ್ಳಲು ಕೊಳ್ಳೇಗಾಲದವರೆಗೆ ಬರಲು ಪುರುಸೊತ್ತಿತ್ತು. ಹನೂರು ದಾಟಿ ಬಂದು ಒಂದು ಜಗಲಿಯಲ್ಲಿ ಕೂತು, ಹೊಟ್ಟೆ ತುಂಬ ಉಣ್ಣಿರಮ್ಮ ಎನ್ನಲು ಇರಲಿಲ್ಲ.

ಇವಳು ಹುಟ್ಟಿದಾಗ ಹೇಗಿದ್ದಳು ಎಂದು ಅಕ್ಕನನ್ನು ಕೇಳಿದೆ.

"ಅಂಗೈಯಗಲ ಇದ್ಲು. ಬದುಕ್ನಿಲ್ವಾ?"

ಹುಡುಗಿ ತಟ್ಟೆಯನ್ನು ಬೆರಳಿನಿಂದ ಬಳಿದು ಕೈತೊಳೆಯಲು ಎದ್ದಳು. ಅಕ್ಕ ಪಾತ್ರೆಗೆ ತಟ್ಟೆ ಮುಚ್ಚಿದಳು. ಆ ಇನ್ನರ್ಧವನ್ನೂ ಅವಳಿಗೆ ಹಾಕ್ತೀಯಾ ಇಲ್ವಾ ಎಂದು ಕೇಳಿದೆ. ಅಕ್ಕ ಎದ್ದು ಹಿತ್ತಿಲಿಗೆ ಹೋದಳು.

ಆಮೇಲೆ ಎಷ್ಟೋ ಸಲ ಫೋನು ಮಾಡಿದ್ದೇನೆ. ಮಳೆಯ ವಿಷಯ ಹೇಳುತ್ತಾಳೆ, ರೇಷ್ಮೆ ಹುಳದ ವಿಷಯ ಹೇಳುತ್ತಾಳೆ, ನನ್ನ ಸೊಂಟನೋವು ವಿಚಾರಿಸುತ್ತಾಳೆ. ಹೆರಿಗೆಗೆ ಇನ್ನು ಹೆಚ್ಚು ದಿನವಿಲ್ಲ. ನಿನ್ನೆಯೂ ಅದನ್ನೇ ಕೇಳಿದೆ:

"ಅಕ್ಕ, ಅವಳಿಗೆ ಇವತ್ತು ಎಷ್ಟು ಹಾಕ್ದೆ?"