ಮುಚ್ಚಳ ಬಿಚ್ಚಿ ನೋಡುವವನು

ವಿಜಯಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪ್ರತಾಪನಿಗೆ ಒಂದು ಚಾಳಿಯಿತ್ತು. ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟು ಹಂಚಿಕೊಡುವ ತಗಡಿನ ಡಬ್ಬಿ, ಅಂದರೆ ಪವರ್ ಸಪ್ಲೈ, ಹೊಸದಾಗಿ ಬಂದರೆ ಸೀಲು ಹರಿದು, ಮುಚ್ಚಳ ಬಿಚ್ಚಿ, ಒಳಗೆ ಕಣ್ಣಾಡಿಸದೆ ಅವನು ಯಾರಿಗೂ ಕೂಡಿಸಿಕೊಡುತ್ತಿರಲಿಲ್ಲ. ಸೀಲು ಹರಿದರೆ ಗ್ಯಾರಂಟಿ ಹೋಯಿತು. ಹಾಗಾಗಿ ಬೇರೆ ಅಂಗಡಿಯವರು ಡಬ್ಬಿಯನ್ನು ಅಂಗೈಯಲ್ಲಿಟ್ಟು ತೂಗುತ್ತಿದ್ದರು. ಭಾರವಿದ್ದರೆ ಒಳಗೆ ತಾಮ್ರ ಇದೆ, ಮಾಲು ಗಟ್ಟಿ ಎಂಬುದು ಅವರ ಲೆಕ್ಕ. ಅದನ್ನು ಕೇಳಿದರೆ ಪ್ರತಾಪನಿಗೆ ಮೈ ಉರಿಯುತ್ತಿತ್ತು. "ಕಲ್ಲಂಗಡಿ ಏನ್ರಿ ಅದು, ತೂಗಿ ತಗೊಳ್ಳಾಕ?" ಎಂದು ರೇಗುತ್ತಿದ್ದ.

ಆ ಚಾಳಿಗೆ ಒಂದು ಮರ್ಯಾದೆಯೂ ಬಂದಿತ್ತು. ಸಗಟು ವ್ಯಾಪಾರಿ ಅಜಿತ ಹೊಸ ಮಾಲು ತರಿಸಿದಾಗಲೆಲ್ಲ ಮೊದಲ ಡಬ್ಬಿ ಪ್ರತಾಪನ ಮೇಜಿಗೆ ಬರುತ್ತಿತ್ತು. ಅವನು ಹೂಂ ಅಂದರೆ ಮಾಲು ತಿಕೋಟಾ, ಬಬಲೇಶ್ವರ, ಹೊನವಾಡದ ಅಂಗಡಿಗಳಿಗೆ ಹೋಗುವುದು. ಊಹೂಂ ಅಂದರೆ ಬಂದ ದಾರಿ ಹಿಡಿಯುವುದು. ಆ ಕಡೆ ಹೊಲದ ಪಂಪುಗಳೆಲ್ಲ ಒಮ್ಮೆಲೇ ನಿಂತಾಗ ಕರೆಂಟು ಜಿಗಿಯುತ್ತದೆ. ಡಬ್ಬಿಯ ಬಾಗಿಲಲ್ಲೇ ಅದನ್ನು ತಡೆಯುವ ಸುರುಳಿ, ಬಿಲ್ಲೆಗಳು ಇಲ್ಲದಿದ್ದರೆ ಕಂಪ್ಯೂಟರು ಸುಟ್ಟಿತೆಂದೇ ತಿಳಿಯಬೇಕು.

ಈಗ ಪ್ರತಾಪನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಚಷ್ಮಾ ಬದಲಿಸಿದರೂ ಬೋರ್ಡಿನ ಮೇಲಿನ ಸಣ್ಣ ಅಕ್ಷರಗಳು ಇರುವೆಯ ಸಾಲಿನಂತೆ ಕದಲುತ್ತಿದ್ದವು. ಹೆಂಡತಿ ಮೇಘಾಳಿಗೂ ಹೇಳಿರಲಿಲ್ಲ. ಕಣ್ಣು ಮಂಜಾದವನ ಮಾತಿಗೆ ಬಜಾರದಲ್ಲಿ ಯಾರು ಕಿಮ್ಮತ್ತು ಕೊಟ್ಟಾರು? ನೋಡಿ ನೋಡಿ ಅವನು ದಣಿದಿದ್ದ; ಕಂಡಂತೆ ನಟಿಸಿ ಅದಕ್ಕಿಂತ ಹೆಚ್ಚು ದಣಿದಿದ್ದ.

ಒಂದು ಮಧ್ಯಾಹ್ನ ಅಜಿತ ಡಬ್ಬಿ ಹಿಡಿದು ಬಂದ. "ಪ್ರತಾಪಣ್ಣ, ಲಗೂನ ನೋಡ್ರಿ. ಬಬಲೇಶ್ವರಕ್ಕ ಹೊಂಟ ಗಾಡಿ ನಿಲ್ಲಿಸಿ ಬಂದೇನಿ. ಹೋದ ಸಲದ ಕಂಪನಿ ಮಾಲೇ ಐತಿ."

ಪ್ರತಾಪ ಮುಚ್ಚಳ ಬಿಚ್ಚಿ ಬಗ್ಗಿದ. ಕಂಡದ್ದು ಮಿಣಮಿಣ ಹೊಳಪು ಮಾತ್ರ. ಬೆರಳಾಡಿಸಿದ, ದೀಪದ ಕಡೆ ತಿರುಗಿಸಿದ, ಅಷ್ಟರಲ್ಲಿ ಅಂಗೈ ತಾನಾಗಿಯೇ ಅದನ್ನು ಮೇಲೆ ಕೆಳಗೆ ತೂಗಿತು. ಒಳ್ಳೇ ಭಾರವಿತ್ತು. ಅಡ್ಡಿಯಿಲ್ಲ ಎಂಬ ಮಾತು ತುಟಿಗೆ ಬಂದಿತ್ತು.

ಆಗಲೇ ಮೇಘಾ ಬುತ್ತಿ ಹಿಡಿದು ಒಳಗೆ ಬಂದಳು. ಜೋಳದಲ್ಲಿ ಸಾಸಿವೆಯಷ್ಟು ಹರಳಿದ್ದರೂ ದೂರದಿಂದಲೇ ಆರಿಸುವ ಕಣ್ಣು ಅವಳದು. ಬುತ್ತಿ ಇಡಲು ಜಾಗವಿಲ್ಲದೆ ಗಂಡನ ಕೈಯಲ್ಲಿದ್ದುದನ್ನೇ ಇಣುಕಿ ನೋಡಿದಳು.

"ಇದೇನ್ರಿ, ಇಲ್ಲಿ ಎಲಿ ಹಾಸ್ಯಾರ, ಉಣ್ಣಾವ್ರು ಯಾರೂ ಕುಂತಿಲ್ಲಲ್ಲ?"

ಅವಳ ಬೆರಳು ಬೋರ್ಡಿನ ಬಿಳಿ ಚೌಕಗಳ ಮೇಲಿತ್ತು. ಸುರುಳಿ, ಬಿಲ್ಲೆ ಕೂರಬೇಕಾದ ಜಾಗಗಳವು. ಎಲ್ಲವೂ ಖಾಲಿ, ಅವುಗಳ ಬದಲು ಒಂದು ತುಂಡು ತಂತಿ ಬಗ್ಗಿಸಿ ಬೆಸೆದಿದ್ದರು. "ಮತ್ತ ತಳದಾಗ ಸಿಮೆಂಟ್ ಮೆತ್ಯಾರ ನೋಡ್ರಿ. ಇದ್ಯಾಕ ಬೇಕಾತು ಇದಕ್ಕ?"

ಯಾಕೆಂದು ಪ್ರತಾಪನಿಗೆ ತಕ್ಷಣ ಹೊಳೆಯಿತು. ತೂಗುವ ಕೈಗಳಿಗೆಂದೇ ಮೆತ್ತಿದ್ದು ಅದು.

ಅಜಿತ ನಕ್ಕ. "ವೈನಿಗೆ ಕಂಡದ್ದು ನಿಮಗ ಕಾಣಲಿಲ್ಲೇನ್ರಿ ಪ್ರತಾಪಣ್ಣ?"

ಚೇಷ್ಟೆಯ ಮಾತು. ಈಗ ಹೇಳುವವನಿದ್ದೆ ಎಂದು ಪ್ರತಾಪ ತಾನೂ ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಹೋದ ಸಲದ ಡಬ್ಬಿಗಳು ಈ ಹೊತ್ತಿಗೆ ತಿಕೋಟಾದಲ್ಲಿ, ಹೊನವಾಡದಲ್ಲಿ ಕರೆಂಟಿಗೆ ಕೂತಿದ್ದವು. ಪ್ರತಾಪನಿಗೆ ನಾಚಿಕೆಯಾಯಿತು. ಸುಳ್ಳು ಹೇಳಲೂ ತ್ರಾಣವಿಲ್ಲದಷ್ಟು ಬೇಸರ ಅದರ ಹಿಂದೆಯೇ ಬಂತು.

"ಗಾಡಿ ತಿರುಗಿಸು ಅಜಿತ. ಹೋದ ಸಲದ ಮಾಲೂ ವಾಪಸ್ ತರಸು."

"ಅದನ್ನ ನೀವ ನೋಡಿ ಕೊಟ್ಟೀರಲ್ರಿ?"

"ನೋಡಿಲ್ಲೋ ತಮ್ಮಾ. ಕಣ್ಣು ಕಾಣವಲ್ದು. ತೂಗಿ ಕೊಟ್ಟೇನಿ."

ಅಜಿತನ ಮುಖ ಹೇಗಾಯಿತೆಂಬುದು ಆ ಮಂಜಿನಲ್ಲಿ ಪ್ರತಾಪನಿಗೆ ಕಾಣಲಿಲ್ಲ. ಅಜಿತ ಹೊರಗೆ ಹೋಗಿ ಫೋನಿನಲ್ಲಿ ಗಾಡಿಯವನನ್ನು ಕೂಗುವುದಷ್ಟೇ ಕೇಳಿಸಿತು. ಮೇಘಾ ಡಬ್ಬಿಯನ್ನು ಗಂಡನ ಅಂಗೈಯಿಂದ ತೆಗೆದು ಬದಿಗಿಟ್ಟು, ಅದೇ ಕೈಗೆ ರೊಟ್ಟಿ ಕೊಟ್ಟಳು.