ತಟ್ಟಿದರೆ ಮೇಲೆ ಬರಬೇಕು

ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಲೋಹದ್ದೆಲ್ಲ ತೆಗೆದಿಡಿ ಎಂದರು. ನಾನು ರೋಗಿಯಲ್ಲ, ರೋಗಿಗೆ ಧೈರ್ಯ ಹೇಳಲು ಬಂದವನು. ಆದರೂ ವಿಧೇಯನಾಗಿ ಬೆಲ್ಟು ಬಿಚ್ಚಿದೆ. ನನ್ನ ಪ್ಯಾಂಟು ಅದೊಂದನ್ನೇ ನಂಬಿ ಬದುಕುತ್ತಿದೆ ಎಂದು ತಿಳಿದದ್ದು, ಅದು ಡಾಕ್ಟರ್ ಶಾಂಭವಿಯವರ ಎದುರಿಗೇ ಮೊಣಕಾಲಿಗೆ ಬಂದು ನಿಂತಾಗ.

"ಮಾಸ್ತರೆ, ಫೋಟೋ ತೆಗುದು ನಂದಲ್ದ?" ಎಂದ ರೋಗಿ ಮಾಬ್ಲೇಶ್ವರ, ನಗದೆ.

ಮಾಬ್ಲ ನಮ್ಮ ಕುಮಟಾ ಕಡೆಯವ. ಅಘನಾಶಿನಿಯ ಅಳಿವೆಯಲ್ಲಿ ಮುಳುಗಿ, ತಳದ ಕೆಸರಿನಿಂದ ಬಳಚು, ಅಂದರೆ ಚಿಪ್ಪುಮೀನು, ಗೋರಿ ತರುವುದು ಅವನ ಕಸುಬು. ಕದಡಿದ ನೀರೊಳಗೆ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ಅದಕ್ಕೇ ದೋಣಿಯಲ್ಲಿ ಕುಳಿತವನು ಹುಟ್ಟುಗೋಲಿನಿಂದ ಹಲಗೆಗೆ ತಟ್ಟುತ್ತಾನೆ. ತಟ್ಟಿದರೆ 'ಬಾ' ಎಂದರ್ಥ. ಮಾಬ್ಲನೂ ಅವನ ಅಣ್ಣ ಪಾಂಡುವೂ ಚಿಕ್ಕಂದಿನಿಂದ ಸರದಿಯಲ್ಲಿ ಮುಳುಗಿ, ಸರದಿಯಲ್ಲಿ ತಟ್ಟಿದವರು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಪಾಂಡು ಮುಳುಗಿದ. ಮಾಬ್ಲ ತಟ್ಟಿದ. ಅಣ್ಣನಿಗೆ ಕಿವಿ ಮಂದ ಎಂದುಕೊಂಡು ಜೋರಾಗಿ ತಟ್ಟಿದ. ಹುಟ್ಟು ಮುರಿಯುವ ತನಕ ತಟ್ಟಿದ.

ಪಾಂಡುವಿನ ಹೃದಯದ ಗೋಡೆ ದಪ್ಪಗಾಗಿತ್ತೆಂದು ಪೋಸ್ಟ್‌ಮಾರ್ಟಂ ಹೇಳಿತು. ಒಡಹುಟ್ಟಿದವರಿಗೂ ಬರಬಹುದಾದ ರೋಗ. ಮಾಬ್ಲನಿಗೂ ಇದ್ದರೆ ಅವನು ನೀರು ಬಿಡಬೇಕು, ಇಲ್ಲವೇ ಅಣ್ಣನ ಹಿಂದೆ ಹೋಗಬೇಕು. ಅದನ್ನು ನೋಡಲೆಂದೇ ರೈಲು ಹತ್ತಿ ದೂರದ ಈ ದೊಡ್ಡ ಆಸ್ಪತ್ರೆಗೆ ಬಂದಿದ್ದೆವು.

ಅವನನ್ನು ಕೊಳವೆಯೊಳಗೆ ತಳ್ಳಿದರು. ಗಾಜಿನ ಈಚೆ ಕುಳಿತು ಯಂತ್ರ ನಡೆಸುವ ಅಕ್ಷಯ ಮೈಕಿನಲ್ಲಿ "ಉಸಿರು ಹಿಡೀರಿ" ಎಂದ. ಯಂತ್ರ ಟಕಟಕ ಬಡಿಯತೊಡಗಿತು. ಮಾಬ್ಲ ತಕ್ಷಣ ಉಸಿರು ಬಿಟ್ಟ. ಪರದೆಯ ಮೇಲೆ ಹೃದಯ ಕಲಸಿಹೋಯಿತು. ಎರಡನೇ ಸಲವೂ ಅದೇ ಕತೆ.

"ಎಂತಕ್ಕೋ ಬಿಡ್ತಿ?" ಎಂದು ಮೈಕಿಗೆ ನಾನೇ ಬಾಯಿ ಹಾಕಿದೆ.

"ತಟ್ಟಿದ್ರಲಾ ಮಾಸ್ತರೆ!"

"ಇಲ್ಲಿ ಉಲ್ಟಾ ಮಾರಾಯಾ. ತಟ್ಟುವಷ್ಟು ಹೊತ್ತು ಕೆಳಗೇ ಇರು. ತಟ್ಟುದು ನಿಂತ್ಮೇಲೆ ಬಾ."

"ಆತು."

ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ. ಮಾಬ್ಲ ಉಸಿರು ಹಿಡಿದ. ಯಂತ್ರ ಬಡಿಯಿತು, ನಿಂತಿತು. "ಬಿಡಿ" ಎಂದ ಅಕ್ಷಯ. ಮಾಬ್ಲ ಬಿಡಲಿಲ್ಲ. ಪಕ್ಕದ ಪರದೆಯಲ್ಲಿ ಓಡುತ್ತಿದ್ದ ಅವನ ಎದೆಬಡಿತದ ಮೊನೆಗಳು ಒಂದರಿಂದೊಂದು ದೂರ ಸರಿಯತೊಡಗಿದವು. ಒಂದು ಮೊನೆ. ಬಹಳ ಹೊತ್ತು ಬರೀ ಗೆರೆ. ಮತ್ತೊಂದು ಮೊನೆ. "ಬಿಡಿ! ಉಸಿರು ಬಿಡಿ!" ಎಂದು ಅಕ್ಷಯ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಡಾಕ್ಟರು ಬಾಗಿಲಿಗೆ ಓಡಿದರು. ನಾನು ಎರಡೂ ಕೈಯಲ್ಲಿ ಪ್ಯಾಂಟು ಹಿಡಿದು ನಿಂತೇ ಇದ್ದೆ.

ಕೊಳವೆಯೊಳಗಿಂದ ದೊಡ್ಡದೊಂದು ಉಸಿರು ಬಂತು.

"ಎಂತದೋ ಮಾಬ್ಲ ಇದು? ನಿಂತ್ಮೇಲೆ ಬಾ ಅಂದಿದ್ದೆ!"

"ನಿಂತಿರ್ಲಿಲ್ಲ ಮಾಸ್ತರೆ. ನಿಮ್ಮ ಮಿಷನ್ ನಿಂತ್ತು. ಮತ್ತೊಬ್ರು ತಟ್ತೇ ಇದ್ರು."

ಅಕ್ಷಯ ನನ್ನ ಮುಖ ನೋಡಿದ. ನಾನು ಯಂತ್ರದ ಮುಖ ನೋಡಿದೆ. ಒಳಗೆ ಯಾವ ಸದ್ದೂ ಇರಲಿಲ್ಲ.

ಮದ್ದು ಚುಚ್ಚಿ ತೆಗೆದ ಚಿತ್ರದಲ್ಲಿ ಹೃದಯದ ಗೋಡೆ ದಪ್ಪಗಿತ್ತು. ನಡುವೆ ಬೂಷ್ಟು ಹಿಡಿದಂತೆ ಬಿಳಿ ಕಲೆ. "ಇನ್ನು ಮುಳುಗಲೇಬಾರದು. ಬೇಕಾದರೆ ದೋಣಿಯಲ್ಲಿ ಸುಮ್ಮನೆ ಕೂತ್ಕೊಳ್ಳಿ" ಎಂದರು ಡಾಕ್ಟರು. ಮಾಬ್ಲ ಆ ಕಲೆಯನ್ನು ಗುರುತಿನವರನ್ನು ನೋಡುವಂತೆ ನೋಡಿ, "ಆತು" ಎಂದ.

ಈಗ ಮುಳುಗುವವನು ಅವನ ಭಾವ ಲಿಂಗಪ್ಪ. ಮಾಬ್ಲ ಕುಳಿತು ತಟ್ಟುತ್ತಾನೆ. ಮೊನ್ನೆ ನಾನೂ ದೋಣಿ ಹತ್ತಿದ್ದೆ. ಲಿಂಗಪ್ಪ ಮೇಲೆ ಬಂದು ಬೀಡಿ ಹಚ್ಚಿದ್ದ. ಹುಟ್ಟು ಮಾಬ್ಲನ ತೊಡೆಯ ಮೇಲಿತ್ತು. ಗಾಳಿಯಿಲ್ಲ, ಅಲೆಯಿಲ್ಲ. ನಾನು ಕುಳಿತ ಹಲಗೆಯ ಅಡಿಯಿಂದ ಟಕ್, ಟಕ್, ಟಕ್.

ಲಿಂಗಪ್ಪ ಬೀಡಿ ಬಿಸುಟು ದಡದ ಕಡೆ ಮುಖ ತಿರುಗಿಸಿದ. ನಾನು ಎರಡೂ ಕಾಲು ಮೇಲೆತ್ತಿಕೊಂಡೆ. ಬೆಲ್ಟು ಬಿಗಿಯಾಗಿತ್ತು, ಅದೊಂದೇ ಸಮಾಧಾನ.

"ಮಾಬ್ಲ, ಎಂತದು ಅದು?"

"ಅಣ್ಣ. ಬಾ ಅಂತ."

"ನೀನು... ನೀನು ಎಂತ ಹೇಳ್ದೆ?"

"ಡಾಕ್ಟ್ರು ಬ್ಯಾಡ ಅಂದ್ರು ಅಂತ ದಿನಾ ಹೇಳ್ತೆ ಮಾಸ್ತರೆ. ಅವಂಗೆ ಕಿವಿ ಮಂದ ಅಲ್ದ."