ಆಳಂದ ಬಸ್ ನಿಲ್ದಾಣದ ದನಿ

ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಆಳಂದದ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಹೇಳುವ ಕೆಲಸ ವ್ಯಂಕಟೇಶನಿಗೆ ಸಿಕ್ಕಾಗ ಅವನ ಮೀಸೆಯಲ್ಲಿ ಬಿಳಿ ಕೂದಲು ಇಣುಕಿದ್ದವು. ಹುಡುಗನಿದ್ದಾಗಿನಿಂದ ಅವನಿಗೆ ಬೇಕಾಗಿದ್ದುದು ಇದೊಂದೇ. ಓರಗೆಯವರು ಪೊಲೀಸನಾಗುತ್ತೇನೆ, ಮಾಸ್ತರನಾಗುತ್ತೇನೆ ಎನ್ನುವಾಗ ಇವನು, ಕಣ್ಣಿಗೆ ಕಾಣದೆ ಕೂತು ಒಂದು ಮಾತಿನಿಂದ ಅಷ್ಟೂ ಜನರನ್ನು ಎಬ್ಬಿಸಿ ಅವರವರ ಊರಿಗೆ ಕಳಿಸುವವನಾಗಬೇಕು ಎಂದುಕೊಂಡಿದ್ದ.

ದನಿ ಹುಟ್ಟಿನಿಂದ ಬಂದಿತ್ತು, ಕೆಲಸ ಬರಲಿಲ್ಲ. ಪಿಯುಸಿ ಇಂಗ್ಲಿಷಿನಲ್ಲಿ ಫೇಲಾದ ಮೇಲೆ ತೊಗರಿ ಅಡತಿ ಅಂಗಡಿಯಲ್ಲಿ ಹರಾಜಿನ ಸವಾಲು ಕೂಗಲು ನಿಂತ. ಅಲ್ಲಿ ಮಾತಿಗೆ ಉಸಿರಾಡಲು ಬಿಡುವಿರಲಿಲ್ಲ. ಬಳಿಕ ಆಟೋಕ್ಕೆ ಮೈಕು ಕಟ್ಟಿಕೊಂಡು ಸೀರೆ ಸೇಲು, ಸರ್ಕಸ್ಸು, ಚುನಾವಣೆ ಎಲ್ಲವನ್ನೂ ಸಾರಿದ. ಬೆಳಿಗ್ಗೆ ಒಂದು ಪಕ್ಷಕ್ಕೆ, ಸಂಜೆ ಅದರ ಎದುರಾಳಿಗೆ ಮತ ಕೇಳಿದ್ದೂ ಉಂಟು. ಮದುವೆಗಳಲ್ಲಿ ಉಡುಗೊರೆ ತಂದು ಆಯೇರಿ ಮಾಡಿದವರ ಹೆಸರು ಕೂಗಿದ. ಒಮ್ಮೆ ತರಕಾರಿ ಗಾಡಿಯವನೊಬ್ಬ ಅವನ ದನಿಯನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದ. ವರ್ಷ ತುಂಬುವುದರೊಳಗೆ ಎಲ್ಲರೂ ಹಾಗೇ ಮಾಡಿದರು. ಓಣಿ ಓಣಿಯಲ್ಲಿ ವ್ಯಂಕಟೇಶನ ದನಿ ಉಳ್ಳಾಗಡ್ಡಿ ಮಾರುತ್ತಿತ್ತು, ವ್ಯಂಕಟೇಶನಿಗೆ ಕೆಲಸವಿರಲಿಲ್ಲ.

ಜೇವರ್ಗಿಯ ಬೇಳೆ ಮಿಲ್ಲಿಗೆ ಹೋದ. ಯಂತ್ರದ ಸದ್ದಿನಲ್ಲಿ ಅಲ್ಲಿ ಕೈಸನ್ನೆಯೇ ಭಾಷೆ. ವಾರಕ್ಕೊಮ್ಮೆ ಆಳಂದಕ್ಕೆ ಬಂದಾಗ ಮನೆಯಲ್ಲೂ ನೀರಿಗೆ, ಉಪ್ಪಿಗೆ ಕೈಸನ್ನೆ ಮಾಡುತ್ತಿದ್ದ. ಮಾತನ್ನು ಮಿಲ್ಲಿನಲ್ಲೇ ಇಟ್ಟು ಬಂದಿರೇನು ಎಂದು ಹೆಂಡತಿ ಲೀಲಾಬಾಯಿ ಚೇಷ್ಟೆ ಮಾಡಿದಳು. ಕೆಲವು ತಿಂಗಳಾದ ಮೇಲೆ ಚೇಷ್ಟೆ ಮಾಡುವುದನ್ನು ಬಿಟ್ಟಳು.

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ನಿಲ್ದಾಣದಲ್ಲಿ ಜನ ಹೆಚ್ಚಿದರು. ಕಂಟ್ರೋಲರ್ ನಿಜಾಮುದ್ದೀನ ಸಾಹೇಬರು ಬಸ್ಸುಗಳ ಹೊತ್ತು ಬರೆದುಕೊಳ್ಳಬೇಕು, ಕಿಟಕಿಗೆ ಬಂದವರಿಗೆ ಉತ್ತರಿಸಬೇಕು, ಮೈಕಿನಲ್ಲೂ ಹೇಳಬೇಕು. ಕೊನೆಗೆ ಮೈಕಿಗೆಂದೇ ಗುತ್ತಿಗೆಯ ಮೇಲೆ ಒಬ್ಬನನ್ನು ತೆಗೆದುಕೊಳ್ಳಲು ಒಪ್ಪಿಗೆ ಬಂತು. ಒಂದು ತಿಂಗಳು ನೋಡುವುದು. ಸಾಹೇಬರ ಭಾರ ಇಳಿದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಬಿಡುವುದು.

ವ್ಯಂಕಟೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಮಾತಿಗೂ ಇಸ್ತ್ರಿ ಮಾಡಿದ್ದ. ದೊಡ್ಡ ಊರುಗಳ ನಿಲ್ದಾಣಗಳಲ್ಲಿ ಕೇಳಿ ಕೇಳಿ ಕಲಿತು, ವರ್ಷಗಟ್ಟಲೆ ಬಾಯಲ್ಲೇ ತಿದ್ದಿಟ್ಟುಕೊಂಡ ಕನ್ನಡ ಅದು.

"ಮಾನ್ಯ ಪ್ರಯಾಣಿಕರ ಗಮನಕ್ಕೆ. ಅಫಜಲಪುರ ಮಾರ್ಗವಾಗಿ ಮಣ್ಣೂರಿಗೆ ತೆರಳುವ ವಾಹನವು ಅಂಕಣ ಮೂರರಿಂದ ಕೆಲವೇ ಕ್ಷಣಗಳಲ್ಲಿ ನಿರ್ಗಮಿಸಲಿದೆ."

ನಿಲ್ದಾಣ ಸುಮ್ಮನಾಗುತ್ತಿತ್ತು. ಆ ಮೌನವನ್ನು ಅವನು ಮೆಚ್ಚುಗೆ ಎಂದುಕೊಂಡ. ಮರುಗಳಿಗೆ ಜನ ಎದ್ದು ಕಿಟಕಿಗೆ ಬಂದು, ಈಗ ಹೇಳಿದ್ದೇನು ಎಂದು ಸಾಹೇಬರನ್ನು ಕೇಳುತ್ತಿದ್ದರು. ಕಿಟಕಿಯ ಸಾಲು ಮೊದಲಿಗಿಂತ ಉದ್ದವಾಯಿತು.

"ಚಲೋ ಹೇಳ್ತೀಯಪಾ ವ್ಯಂಕಟೇಶ," ಎಂದರು ನಿಜಾಮುದ್ದೀನರು ಒಂದು ದಿನ. "ನೀ ಹೇಳಿದ್ದು ತಿಳಿಸಿ ಹೇಳಾಕ ಇನ್ನೊಬ್ಬನ್ನ ಇಟ್ಕೋಬೇಕು ನೋಡು."

ನಗುತ್ತಲೇ ಹೇಳಿದ್ದರು. ಆದರೆ ತಿಂಗಳು ಮುಗಿಯುತ್ತ ಬಂದಿತ್ತು. ಆ ಸಂಜೆ ಊಟಕ್ಕೆ ಕೂತಾಗ ಅವನು, ನಿಲ್ದಾಣಕ್ಕೆ ಬಂದು ಒಮ್ಮೆ ಕೇಳಿ ಹೋಗಿದ್ದ ಲೀಲಾಬಾಯಿಯನ್ನು ಹೇಗಿತ್ತೆಂದು ವಿಚಾರಿಸಿದ.

"ಭಾಳ ಚಂದ ಅದರಿ," ಎಂದಳು. ಪಲ್ಯ ಬಡಿಸುತ್ತ, "ಯಾರೋ ಬ್ಯಾರೇದವರು ಮಾತಾಡಾಕತ್ತಾರ ಅನಸ್ತು," ಎಂದಳು.

"ಮತ್ತ ಸವಾಲ ಕೂಗಿದಂಗ ಕೂಗಲೇನು? ಅದಕ್ಕ ಇಷ್ಟ ವರ್ಷ ಕಾದೆನೇನು?"

ಲೀಲಾಬಾಯಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಮಧ್ಯಾಹ್ನ, ಮಣ್ಣೂರ ಬಸ್ಸು ಹೋಗಿ ಬಹಳ ಹೊತ್ತಾದ ಮೇಲೆ ಮುದುಕಿಯೊಬ್ಬಳು ಕಿಟಕಿಗೆ ಬಂದಳು. ಹೆಸರು ಮೆಹರಾಜಬೇಗಂ. ಅಫಜಲಪುರದ ದವಾಖಾನೆಯಲ್ಲಿ ಮಗಳು ಅಫ್ರೀನ ಹಡೆದಿದ್ದಳು. ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಇವತ್ತು ಬಸ್ಸಿಲ್ಲ ಅಂದಿರಲ್ಲ, ನಾಳೆ ಎಷ್ಟು ಗಂಟೆಗಿದೆ ಎಂದು ಕೇಳಿದಳು. ಬಸ್ಸಿಲ್ಲವೆಂದು ಯಾರು ಹೇಳಿದರು ಎಂದು ವ್ಯಂಕಟೇಶ ಗಾಬರಿಯಾದ.

"ನೀವ ಹೇಳಿದ್ರಲ್ಲಪಾ. ಮಣ್ಣೂರ ಗಾಡಿ ನಿರ್ಗಮ ಅಂತ. ರದ್ದ ಆಗ್ಯದ ಅನ್ಕೊಂಡೆ."

ಬೋರ್ಡು ಓದಲು ಬಾರದ ಆಕೆ ಮೈಕನ್ನೇ ನಂಬಿ ಕೂತಿದ್ದಳು. ಬಸ್ಸು ಕಣ್ಣೆದುರೇ ನಿಂತು ಕಣ್ಣೆದುರೇ ಹೋಗಿತ್ತು. ಆಕೆಯ ಮಾತಿನಲ್ಲಿ ದೂರಿರಲಿಲ್ಲ. ತನಗೇ ತಿಳಿಯದೆ ಹೋಯಿತಲ್ಲ ಎಂಬ ನಾಚಿಕೆಯಿತ್ತು. ಅದೇ ಅವನನ್ನು ಚುಚ್ಚಿತು.

ಒಳಗೆ ಕರೆದು ತನ್ನ ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡ. ಅಫಜಲಪುರದ ಕಡೆಗೆ ಸಂಜೆಗೊಂದು ಬಸ್ಸಿದೆ, ತಾನೇ ಹತ್ತಿಸುತ್ತೇನೆ ಎಂದ. ಡಬ್ಬಿಯಲ್ಲಿ ಅಳವಿ ಬೀಜದ ಪಾಯಸವಿತ್ತು; ಬಾಣಂತಿಗೆ ಬಿಸಿ ಇರುವಾಗಲೇ ಮುಟ್ಟಿಸಬೇಕೆಂದಿದ್ದಳಂತೆ. ವ್ಯಂಕಟೇಶ ಡಬ್ಬಿ ಮುಟ್ಟಿ ನೋಡಿದ. ಇನ್ನೂ ಬೆಚ್ಚಗಿತ್ತು. ಹೆಗಲ ಮೇಲಿನ ಟವೆಲು ತೆಗೆದು ಅದರ ಮೇಲೊಂದು ಸುತ್ತು ಸುತ್ತಿದ.

ಬಸ್ಸು ಬಂತು. ಮೈಕಿನ ಗುಂಡಿ ಒತ್ತಿದ. "ಮಾನ್ಯ" ಎಂದು ನಿಂತ. ಹೊರಗೆ ಜನ ಕಾಯುತ್ತಿದ್ದರು. ಅವನು ಪಕ್ಕಕ್ಕೆ ತಿರುಗಿ ಆಕೆಗಷ್ಟೇ ಹೇಳಿದ, ಮೈಕು ಕೇಳಿಸಿಕೊಂಡಿತು.

"ಚಾಚಿ, ಏಳ್ರಿ. ಅಫಜಲಪುರ ಮ್ಯಾಲೆ ಮಣ್ಣೂರಿಗೆ ಹೋಗೋ ಗಾಡಿ ಬಂತು. ಮೂರನೇ ನಂಬರಿನ್ಯಾಗ ನಿಂತದ. ನಿಮ್ಮ ಜೋಡಿ ಯಾರ್ಯಾರು ಹೊಂಟಾರ, ಎಲ್ಲಾರೂ ಬರ್ರಿ. ಅವಸರ ಮಾಡಬ್ಯಾಡ್ರಿ. ನೀವು ಹತ್ತಿದ ಮ್ಯಾಲೇ ಬಿಡ್ತದ."

ಹೊರಗೆ ಯಾರೋ ನಕ್ಕರು. ನಗುತ್ತಲೇ ಗಂಟುಮೂಟೆ ಎತ್ತಿಕೊಂಡರು. ಬಂದ ಬೀಗರನ್ನು ಊರ ಅಗಸಿ ಬಾಗಿಲವರೆಗೆ ಕಳಿಸಲು ಹೋದಾಗ ಆಡುವಂಥ ಮಾತು ಅದು. ಅದಕ್ಕೆ ಸವಾಲಿನ ಅವಸರವಿರಲಿಲ್ಲ. ತನ್ನ ದನಿ ಹೀಗೂ ಇರುತ್ತದೆಂದು ವ್ಯಂಕಟೇಶನಿಗೇ ಗೊತ್ತಿರಲಿಲ್ಲ. ಮೆಹರಾಜಬೇಗಂ ಅವನ ತಲೆ ಸವರಿ, ಡಬ್ಬಿಯನ್ನು ಎದೆಗವಚಿಕೊಂಡು ಜನರ ನಡುವೆ ನಡೆದಳು.

ನಿಜಾಮುದ್ದೀನರು ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದರು. ಕೇಳಲು ಯಾರೂ ಬಂದಿರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಎದ್ದರು. ಕೆಲಸದ ಹೊತ್ತಿನಲ್ಲಿ ಅವರು ಕುರ್ಚಿ ಬಿಟ್ಟದ್ದನ್ನು ಅವನು ಅದೇ ಮೊದಲು ಕಂಡದ್ದು.

"ಜೇವರ್ಗಿ ಗಾಡಿ ಬರೋ ಹೊತ್ತಾತು, ಹೇಳ್ಕೋತ ಇರು. ನಾ ಚಾ ಕುಡದು ಬರ್ತೇನಿ." ಬಾಗಿಲಲ್ಲಿ ತಿರುಗಿದರು. "ನಾಳೆ ಡಿಪೋದಾಗ ನಿನ್ನ ಬಗ್ಗೆ ಕೇಳ್ತಾರ. ಹೇಳ್ತೇನಿ."

"ಏನಂತ ಹೇಳ್ತೀರಿ, ಸಾಹೇಬ್ರ?"

"ಭಾರ ಇಳೀತಂತ."